ಸೇರಿಸಿದ ಸಕ್ಕರೆ ದೇಹದೊಳಗೆ ಏನು ಮಾಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಕ್ಕರೆಯ ಮಾತು ಎತ್ತಿದರೆ ಸಾಕು, ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಒಂದು ಪಕ್ಷಕ್ಕೆ ಅದು ಬಿಳಿ ವಿಷ. ಇನ್ನೊಂದಕ್ಕೆ ಅದು ಬರೀ ಕ್ಯಾಲೊರಿ, ಸ್ವಲ್ಪ ದೂರ ನಡೆದರೆ ಕರಗಿಹೋಗುವಂಥದ್ದು. ನಾನು ಎರಡನ್ನೂ ಒಪ್ಪುವುದಿಲ್ಲ. ಎಷ್ಟು ಸಕ್ಕರೆ, ಯಾವ ರೂಪದಲ್ಲಿ, ವಾರದಲ್ಲಿ ಎಷ್ಟು ದಿನ ಒಳಗೆ ಹೋಗುತ್ತದೆ ಎಂಬ ಮೂರು ಸಂಗತಿಗಳ ಮೇಲೆ ಪರಿಣಾಮ ನಿಂತಿದೆ. ಅದರ ಲೆಕ್ಕವನ್ನು ಮೊದಲು ತೀರಿಸಬೇಕಾಗಿ ಬರುವುದು ಯಕೃತ್ತು. ಆದ್ದರಿಂದ ಈ ಉತ್ತರಗಳಲ್ಲಿ ಯಕೃತ್ತಿನ ಹೆಸರು ಮತ್ತೆ ಮತ್ತೆ ಬರುತ್ತದೆ.

‘ಸೇರಿಸಿದ ಸಕ್ಕರೆ’ ಎಂದರೆ ಯಾವುದು? ಹಣ್ಣಿನಲ್ಲಿ, ಹಾಲಿನಲ್ಲಿ ಇರುವುದೂ ಸಕ್ಕರೆಯೇ ಅಲ್ಲವೇ?

ಹೌದು, ಅದೂ ಸಕ್ಕರೆಯೇ. ಆದರೆ ಇಡೀ ಹಣ್ಣಿನ ಸಕ್ಕರೆ ಅದರ ಜೀವಕೋಶಗಳ ಗೋಡೆಯೊಳಗೆ, ನಾರು ಮತ್ತು ನೀರಿನ ನಡುವೆ ಇರುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಪ್ರೋಟೀನಿನ ಜೊತೆಗೆ ಬರುತ್ತದೆ. ಇವೆರಡನ್ನು ಈ ಲೆಕ್ಕದಿಂದ ಹೊರಗಿಡುತ್ತಾರೆ. ಕಾರ್ಖಾನೆಯಲ್ಲಾಗಲಿ, ಅಡುಗೆಮನೆಯಲ್ಲಾಗಲಿ, ಕುಡಿಯುವ ಲೋಟದಲ್ಲಾಗಲಿ ನಾವು ಹೊರಗಿನಿಂದ ಬೆರೆಸುವುದೆಲ್ಲ ಸೇರಿಸಿದ ಸಕ್ಕರೆ.

ವಿಶ್ವ ಆರೋಗ್ಯ ಸಂಸ್ಥೆ ‘ಮುಕ್ತ ಸಕ್ಕರೆ’ ಎಂಬ ಇನ್ನೂ ಅಗಲವಾದ ಹೆಸರನ್ನು ಬಳಸುತ್ತದೆ. ಬೆರೆಸಿದ ಸಕ್ಕರೆಯ ಜೊತೆಗೆ ಜೇನುತುಪ್ಪ, ಸಿರಪ್, ಹಣ್ಣಿನ ರಸ ಮತ್ತು ರಸದ ಸಾಂದ್ರೀಕೃತ ರೂಪದಲ್ಲಿ ಸಹಜವಾಗಿ ಇರುವ ಸಕ್ಕರೆಯೂ ಅದರೊಳಗೆ ಸೇರುತ್ತದೆ. ನನಗೆ ಈ ವಿಂಗಡಣೆಯೇ ಹೆಚ್ಚು ಪ್ರಾಮಾಣಿಕ ಎನಿಸುತ್ತದೆ. ಹಣ್ಣನ್ನು ಹಿಂಡಿ ನಾರನ್ನು ಎಸೆದ ಮೇಲೆ ಲೋಟದಲ್ಲಿ ಉಳಿಯುವುದನ್ನು ದೇಹ ಸಿಹಿನೀರಿನಂತೆಯೇ ಕಾಣುತ್ತದೆ.

ದಿನಕ್ಕೆ ಎಷ್ಟು ಸಕ್ಕರೆ ತಿನ್ನಬಹುದು?

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮಾತು ಇದು: ದಿನದ ಒಟ್ಟು ಶಕ್ತಿಯಲ್ಲಿ ಮುಕ್ತ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಇದು 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ಅಮೆರಿಕದ ಹೃದಯ ಸಂಘ ಮಹಿಳೆಯರಿಗೆ 25 ಗ್ರಾಂ, ಪುರುಷರಿಗೆ 36 ಗ್ರಾಂ ಎಂಬ ಮಿತಿಯನ್ನು ಹಾಕಿದೆ.

ಗ್ರಾಂ ಲೆಕ್ಕ ಮನಸ್ಸಿನಲ್ಲಿ ನಿಲ್ಲದಿದ್ದರೆ ಚಮಚದ ಲೆಕ್ಕ ಹಿಡಿಯಿರಿ. ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ. ಅಂದರೆ 25 ಗ್ರಾಂ ಸುಮಾರು ಆರು ಚಮಚ. ಇನ್ನು 330 ಮಿಲಿಲೀಟರಿನ ಒಂದು ಕೋಲಾ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಹತ್ತಿರ ಹತ್ತಿರ ಒಂಬತ್ತು ಚಮಚ. ಒಂದು ಲೋಟ ನೀರಿಗೆ ಒಂಬತ್ತು ಚಮಚ ಸಕ್ಕರೆ ಹಾಕಿ ಕುಡಿಯಿರಿ ಎಂದರೆ ಯಾರೂ ಕುಡಿಯುವುದಿಲ್ಲ. ಪಾನೀಯದ ಹುಳಿ ಸಿಹಿಯನ್ನು ಮರೆಮಾಚುತ್ತದೆ, ತಣ್ಣಗಿದ್ದಾಗ ನಾಲಗೆಗೆ ಸಿಹಿ ಇನ್ನೂ ಕಡಿಮೆ ತಿಳಿಯುತ್ತದೆ. ಹಾಗಾಗಿ ಅಷ್ಟೂ ಸಲೀಸಾಗಿ ಗಂಟಲಿನಲ್ಲಿ ಇಳಿಯುತ್ತದೆ.

ಚಯಾಪಚಯ ಆರೋಗ್ಯ ಎಂಬುದನ್ನು ಅಳೆಯುವುದು ಹೇಗೆ?

ಆಹಾರವನ್ನು ಶಕ್ತಿಯಾಗಿ ಮಾರ್ಪಡಿಸುವ, ಉಳಿದದ್ದನ್ನು ಕೂಡಿಡುವ, ಬೇಕಾದಾಗ ತೆಗೆದು ಬಳಸುವ ಕೆಲಸಗಳನ್ನೆಲ್ಲ ಒಟ್ಟಾಗಿ ಚಯಾಪಚಯ ಎನ್ನುತ್ತಾರೆ. ಅದು ಹಳಿ ತಪ್ಪಿದೆಯೇ ಎಂದು ನೋಡಲು ವೈದ್ಯರು ಐದು ಗುರುತುಗಳನ್ನು ನೋಡುತ್ತಾರೆ: ಸೊಂಟದ ಸುತ್ತಳತೆ, ರಕ್ತದಲ್ಲಿ ಹರಿಯುವ ಕೊಬ್ಬಾದ ಟ್ರೈಗ್ಲಿಸರೈಡ್, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್, ರಕ್ತದೊತ್ತಡ ಮತ್ತು ಬರಿಹೊಟ್ಟೆಯ ಗ್ಲೂಕೋಸ್. ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಎಚ್‌ಡಿಎಲ್ ಪುರುಷರಲ್ಲಿ 40ಕ್ಕಿಂತ, ಮಹಿಳೆಯರಲ್ಲಿ 50ಕ್ಕಿಂತ ಕಡಿಮೆ, ಗ್ಲೂಕೋಸ್ 100 ಅಥವಾ ಹೆಚ್ಚು, ರಕ್ತದೊತ್ತಡದ ಮೇಲಿನ ಅಂಕಿ 130 ಅಥವಾ ಕೆಳಗಿನ ಅಂಕಿ 85 ಮುಟ್ಟಿದ್ದರೆ ಎಚ್ಚರಿಕೆ. ಟ್ರೈಗ್ಲಿಸರೈಡ್, ಎಚ್‌ಡಿಎಲ್, ಗ್ಲೂಕೋಸಿನ ಅಂಕಿಗಳು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದವು. ಸೊಂಟದ ಮಿತಿ ಜನಾಂಗದಿಂದ ಜನಾಂಗಕ್ಕೆ ಬೇರೆ. ಐದರಲ್ಲಿ ಮೂರು ಕೆಟ್ಟಿದ್ದರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂದು ಹೆಸರು.

ಈ ಐದರಲ್ಲಿ ತೂಕದ ಯಂತ್ರದ ಅಂಕಿ ಇಲ್ಲ ಎಂಬುದನ್ನು ಗಮನಿಸಿ. ಮುಂದೆ ಬರುವ ಒಂದು ಪ್ರಶ್ನೆಗೆ ಇದು ಬೇಕಾಗುತ್ತದೆ.

ಸಕ್ಕರೆ ಒಳಗೆ ಹೋದ ಮೇಲೆ ನಿಜವಾಗಿ ಏನಾಗುತ್ತದೆ?

ಸಾಮಾನ್ಯ ಸಕ್ಕರೆಯ ರಾಸಾಯನಿಕ ಹೆಸರು ಸುಕ್ರೋಸ್. ಗ್ಲೂಕೋಸಿನ ಒಂದು ಅಣು, ಫ್ರಕ್ಟೋಸಿನ ಒಂದು ಅಣು ಸೇರಿ ಅದು ಆಗಿದೆ. ಸಣ್ಣ ಕರುಳಿನಲ್ಲಿ ಒಂದು ಕಿಣ್ವ ಈ ಜೋಡಿಯನ್ನು ಬಿಡಿಸುತ್ತದೆ. ಅಲ್ಲಿಂದ ಮುಂದೆ ಎರಡರ ದಾರಿ ಬೇರೆ ಬೇರೆ.

ಗ್ಲೂಕೋಸನ್ನು ದೇಹದ ಎಲ್ಲ ಅಂಗಗಳೂ ಬಳಸುತ್ತವೆ. ವಯಸ್ಕರ ದೇಹದಲ್ಲಿ ಸುಮಾರು ಐದು ಲೀಟರ್ ರಕ್ತವಿದೆ ಎಂದು ಹಿಡಿದರೆ, ಬರಿಹೊಟ್ಟೆಯಲ್ಲಿ ಅಷ್ಟೂ ರಕ್ತದಲ್ಲಿ ಕರಗಿರುವ ಗ್ಲೂಕೋಸ್ ಒಂದು ಚಮಚದಷ್ಟು, ಸುಮಾರು 5 ಗ್ರಾಂ ಮಾತ್ರ. ಇದನ್ನು ಮೊದಲ ಸಲ ಲೆಕ್ಕ ಹಾಕಿ ನೋಡಿದಾಗ ನಾನು ಬೆರಗಾಗಿದ್ದೆ. ಇಷ್ಟು ಸಣ್ಣ ಸಮತೋಲನದ ಮೇಲೆ ಒಂದೇ ಸಲಕ್ಕೆ ಒಂಬತ್ತು ಚಮಚ ಬಂದು ಬಿದ್ದರೆ ಮೇದೋಜೀರಕ ಗ್ರಂಥಿ ತಕ್ಷಣ ಇನ್ಸುಲಿನ್ ಸುರಿಸಬೇಕಾಗುತ್ತದೆ. ಇನ್ಸುಲಿನ್ ಬಂದ ಮೇಲೆ ಸ್ನಾಯು ಮತ್ತು ಕೊಬ್ಬಿನ ಕೋಶಗಳು ಗ್ಲೂಕೋಸನ್ನು ಒಳಗೆ ತೆಗೆದುಕೊಳ್ಳುತ್ತವೆ. ಸ್ನಾಯುಗಳು ಸುಮಾರು 400 ಗ್ರಾಂ, ಯಕೃತ್ತು ಸುಮಾರು 100 ಗ್ರಾಂ ಗ್ಲೈಕೋಜನನ್ನು, ಅಂದರೆ ಗ್ಲೂಕೋಸಿನ ಕೂಡಿಟ್ಟ ರೂಪವನ್ನು, ಇಟ್ಟುಕೊಳ್ಳಬಲ್ಲವು. ದಿನವಿಡೀ ಕುಳಿತೇ ಇರುವವರ ಸ್ನಾಯುಗಳಲ್ಲಿ ಆ ಉಗ್ರಾಣ ಬರಿದಾಗುವುದೇ ಅಪರೂಪ. ತುಂಬಿದ ಉಗ್ರಾಣಕ್ಕೆ ಇನ್ನಷ್ಟು ಸರಕು ಎಲ್ಲಿ ಹಿಡಿಯಬೇಕು?

ಫ್ರಕ್ಟೋಸ್ ಹೆಚ್ಚಾಗಿ ಇನ್ಸುಲಿನ್ ಕೇಳುವುದಿಲ್ಲ, ರಕ್ತದ ಗ್ಲೂಕೋಸನ್ನೂ ತಕ್ಷಣ ಏರಿಸುವುದಿಲ್ಲ. ಅದಕ್ಕಾಗಿಯೇ ಒಂದು ಕಾಲದಲ್ಲಿ ಅದನ್ನು ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದೆಂದು ಹೇಳುತ್ತಿದ್ದರು. ಅದರ ಬಹುಪಾಲನ್ನು ಯಕೃತ್ತು ಸಂಭಾಳಿಸಬೇಕು. ಗ್ಲೂಕೋಸ್ ಯಕೃತ್ತಿನಲ್ಲಿ ಒಡೆಯುವಾಗ ದಾರಿಯಲ್ಲಿ ಒಂದು ತಡೆಗಟ್ಟೆ ಇದೆ. ಶಕ್ತಿ ಸಾಕಷ್ಟಿದ್ದರೆ ಆ ಜಾಗದ ಕಿಣ್ವ ತನ್ನ ಕೆಲಸವನ್ನು ನಿಧಾನಗೊಳಿಸುತ್ತದೆ. ಫ್ರಕ್ಟೋಸ್ ಆ ಗಟ್ಟೆಯನ್ನು ಬಳಸಿಕೊಂಡು ಪಕ್ಕದ ದಾರಿಯಿಂದ ಒಳಗೆ ಬರುತ್ತದೆ. ಯಕೃತ್ತಿಗೆ ಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ಬಂದ ಇಂಗಾಲದ ಒಂದು ಪಾಲು ಗ್ಲೂಕೋಸ್ ಆಗುತ್ತದೆ, ಒಂದು ಪಾಲು ಲ್ಯಾಕ್ಟೇಟ್, ಇನ್ನೊಂದು ಪಾಲು ಹೊಸ ಕೊಬ್ಬು. ಅದಕ್ಕಿಂತ ಮುಖ್ಯವಾದದ್ದು, ಪದೇ ಪದೇ ಬರುವ ಫ್ರಕ್ಟೋಸ್ ಕೊಬ್ಬು ತಯಾರಿಸುವ ಕಿಣ್ವಗಳ ಪ್ರಮಾಣವನ್ನೇ ಹೆಚ್ಚಿಸುತ್ತದೆ. ಆ ಕೊಬ್ಬಿನಲ್ಲಿ ಒಂದಿಷ್ಟು ಯಕೃತ್ತಿನಲ್ಲೇ ಉಳಿಯುತ್ತದೆ, ಉಳಿದದ್ದು ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಹೊರಡುತ್ತದೆ.

ಇಲ್ಲಿ ಪ್ರಮಾಣದ ಮಾತೂ ಇದೆ. 2018ರಲ್ಲಿ ಇಲಿಗಳ ಮೇಲೆ ನಡೆದ ಒಂದು ಅಧ್ಯಯನ, ಸ್ವಲ್ಪ ಫ್ರಕ್ಟೋಸ್ ಬಂದಾಗ ಸಣ್ಣ ಕರುಳೇ ಅದನ್ನು ಗ್ಲೂಕೋಸಾಗಿ ಬದಲಿಸಿ ಕಳಿಸುತ್ತದೆ ಎಂದು ತೋರಿಸಿತು. ಕರುಳಿನ ಶಕ್ತಿ ಮೀರಿ ಬಂದಾಗ ಮಾತ್ರ ಅದು ಉಕ್ಕಿ ಯಕೃತ್ತಿಗೆ ಹರಿಯುತ್ತದೆ. ಮನುಷ್ಯರಲ್ಲೂ ಹೀಗೆಯೇ ಎಂದು ಅಷ್ಟರಿಂದಲೇ ಹೇಳಲಾಗದು. ಆದರೂ ಊಟದ ಜೊತೆ ನಿಧಾನವಾಗಿ ಬರುವ ಒಂದು ಚಮಚಕ್ಕೂ ಗಟಗಟನೆ ಕುಡಿದ ಒಂದು ಬಾಟಲಿಗೂ ಇರುವ ಅಂತರಕ್ಕೆ ಇದು ಹೊಂದುತ್ತದೆ.

ಫ್ರಕ್ಟೋಸ್ ತೊಂದರೆಯಾದರೆ ಹಣ್ಣನ್ನೂ ಬಿಡಬೇಕೇ?

ದಯವಿಟ್ಟು ಬಿಡಬೇಡಿ. ನನಗೆ ಬಹಳ ನೋವು ಕೊಡುವ ತಪ್ಪು ತಿಳಿವಳಿಕೆ ಇದು. ಸಕ್ಕರೆಗೆ ಹೆದರಿ ಹಣ್ಣು ಬಿಟ್ಟವರು ಬಿಸ್ಕತ್ತು ಬಿಟ್ಟಿರುವುದಿಲ್ಲ. ಹಣ್ಣನ್ನು ಅಗಿದು ತಿನ್ನಬೇಕು, ಹೊಟ್ಟೆ ತುಂಬುತ್ತದೆ, ನಾರು ಹೀರುವಿಕೆಯನ್ನು ನಿಧಾನ ಮಾಡುತ್ತದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಆರೋಗ್ಯ ವೃತ್ತಿಪರರ ದೀರ್ಘಕಾಲದ ಅಧ್ಯಯನಗಳ ವಿಶ್ಲೇಷಣೆಯಲ್ಲಿ ಇಡೀ ಹಣ್ಣು ಹೆಚ್ಚು ತಿನ್ನುವವರಲ್ಲಿ ಎರಡನೆಯ ಬಗೆಯ ಮಧುಮೇಹ ಕಡಿಮೆ ಕಂಡಿತು. ಅದರಲ್ಲೂ ಬ್ಲೂಬೆರಿ, ದ್ರಾಕ್ಷಿ, ಸೇಬು ತಿನ್ನುವವರಲ್ಲಿ. ಹಣ್ಣಿನ ರಸ ಹೆಚ್ಚು ಕುಡಿಯುವವರಲ್ಲಿ ಅಪಾಯ ಹೆಚ್ಚಿತ್ತು.

ಆನುವಂಶಿಕವಾಗಿ ಫ್ರಕ್ಟೋಸನ್ನು ಜೀರ್ಣಿಸಿಕೊಳ್ಳಲಾಗದ ಅಪರೂಪದ ಕಾಯಿಲೆಯೊಂದಿದೆ. ಅಂಥವರು ಮಾತ್ರ ಹಣ್ಣನ್ನು ದೂರವಿಡಬೇಕಾಗುತ್ತದೆ, ಅದೂ ವೈದ್ಯರ ನಿಗಾದಲ್ಲಿ.

ಸಕ್ಕರೆ ತಿಂದರೆ ಸಕ್ಕರೆ ಕಾಯಿಲೆ ಬರುತ್ತದೆಯೇ?

ಮೊದಲನೆಯ ಬಗೆಯ ಮಧುಮೇಹ ಸಕ್ಕರೆಯಿಂದ ಬರುವುದಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡಿದಾಗ ಅದು ಬರುತ್ತದೆ. ಆ ಕಾಯಿಲೆ ಬಂದ ಮಗುವಿನ ತಾಯಿಗೆ ‘ನೀನು ಸಿಹಿ ಹೆಚ್ಚು ಕೊಟ್ಟೆ’ ಎಂದು ಹೇಳುವುದು ಕ್ರೌರ್ಯ.

ಎರಡನೆಯ ಬಗೆಯಲ್ಲಿ ನಂಟು ಇದೆ, ಆದರೆ ನೇರ ಗೆರೆಯಲ್ಲಿ ಅಲ್ಲ. ವಂಶವಾಹಿ, ವಯಸ್ಸು, ನಿದ್ರೆ, ಚಲನೆ, ಸೊಂಟದ ಕೊಬ್ಬು ಎಲ್ಲವೂ ಕೈ ಜೋಡಿಸುತ್ತವೆ. ಸಕ್ಕರೆಯ ಪಾನೀಯಗಳ ವಿಷಯದಲ್ಲಿ ಪುರಾವೆ ಗಟ್ಟಿಯಾಗಿದೆ. 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ ಒಂದೆರಡು ಸಲ ಅವನ್ನು ಕುಡಿಯುವವರಲ್ಲಿ ಬಹುತೇಕ ಕುಡಿಯದವರಿಗಿಂತ ಮಧುಮೇಹದ ಅಪಾಯ ಶೇ. 26ರಷ್ಟು ಹೆಚ್ಚಿತ್ತು. 2015ರ ಇನ್ನೊಂದು ವಿಶ್ಲೇಷಣೆಯಲ್ಲಿ ದಿನಕ್ಕೆ ಒಂದು ಪಾನೀಯಕ್ಕೆ ಶೇ. 18 ಹೆಚ್ಚಳ ಕಂಡಿತು. ದೇಹದ ತೂಕದ ಪ್ರಭಾವವನ್ನು ಕಳೆದ ಮೇಲೂ ಶೇ. 13 ಉಳಿಯಿತು. ಅಂದರೆ ತೂಕ ಹೆಚ್ಚಿಸುವುದೊಂದೇ ಸಕ್ಕರೆಯ ದಾರಿಯಾಗಿರಲಿಕ್ಕಿಲ್ಲ. ಇವು ವೀಕ್ಷಣೆಯ ಅಧ್ಯಯನಗಳು. ದಿನವೂ ಕೋಲಾ ಕುಡಿಯುವವರ ಬೇರೆ ಅಭ್ಯಾಸಗಳೂ ಬೇರೆಯಾಗಿರಬಹುದು, ಅದನ್ನು ಪೂರ್ತಿ ಬೇರ್ಪಡಿಸುವುದು ಕಷ್ಟ. ಅದಕ್ಕಾಗಿ ಪ್ರಯೋಗಗಳ ಕಡೆ ನೋಡಬೇಕು.

ನಾನು ಮದ್ಯ ಮುಟ್ಟಿದವನಲ್ಲ. ಆದರೂ ಸ್ಕ್ಯಾನಿಂಗ್ ವರದಿಯಲ್ಲಿ ‘ಫ್ಯಾಟಿ ಲಿವರ್’ ಎಂದು ಬಂದಿದೆ. ಏಕೆ?

ಈ ಪ್ರಶ್ನೆ ಕೇಳುವವರ ದನಿಯಲ್ಲಿ ಅವಮಾನ ಇರುತ್ತದೆ, ಯಾರೋ ಸುಳ್ಳು ಆರೋಪ ಹೊರಿಸಿದಂತೆ. ಅವಮಾನ ಪಡಬೇಕಾದದ್ದು ಏನೂ ಇಲ್ಲ. ಮದ್ಯವಿಲ್ಲದೆಯೂ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ಇದು ಚಯಾಪಚಯದ ಏರುಪೇರಿನಿಂದ ಬರುವ ಕಾಯಿಲೆ ಎಂಬುದನ್ನು ಸ್ಪಷ್ಟಪಡಿಸಲು 2023ರಲ್ಲಿ ತಜ್ಞರು ಕಾಯಿಲೆಯ ಹೆಸರನ್ನೇ ಬದಲಿಸಿದರು. ‘ಮದ್ಯಪಾನವಲ್ಲದ’ ಎಂಬ ಮಾತನ್ನು ತೆಗೆದು ‘ಚಯಾಪಚಯ ದೋಷಕ್ಕೆ ಸಂಬಂಧಿಸಿದ’ ಎಂಬ ಮಾತನ್ನು ಸೇರಿಸಿದರು.

ಇಲ್ಲಿ ಸಕ್ಕರೆಯ ಪಾತ್ರಕ್ಕೆ ಪ್ರಯೋಗಗಳ ಬೆಂಬಲವಿದೆ. ಡೆನ್ಮಾರ್ಕಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತೂಕ ಹೆಚ್ಚಿದ್ದ 47 ಜನರನ್ನು ನಾಲ್ಕು ಗುಂಪು ಮಾಡಿದರು. ಆರು ತಿಂಗಳು ದಿನಕ್ಕೆ ಒಂದು ಲೀಟರಿನಂತೆ ಒಂದು ಗುಂಪು ಸಕ್ಕರೆಯ ಕೋಲಾ, ಇನ್ನೊಂದು ಹಾಲು, ಮತ್ತೊಂದು ಸಕ್ಕರೆಯಿಲ್ಲದ ಕೋಲಾ, ಕೊನೆಯದು ನೀರು ಕುಡಿಯಿತು. ಸಕ್ಕರೆಯ ಕೋಲಾ ಕುಡಿದವರ ಯಕೃತ್ತಿನ ಕೊಬ್ಬು, ಹೊಟ್ಟೆಯೊಳಗಿನ ಕೊಬ್ಬು, ಟ್ರೈಗ್ಲಿಸರೈಡ್ ಉಳಿದವರಿಗಿಂತ ಏರಿದವು. ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಕ್ಯಾಲೊರಿ ಇತ್ತು ಎಂಬುದು ಯೋಚಿಸಬೇಕಾದ ಸಂಗತಿ.

ಕಡಿಮೆ ಮಾಡಿದರೆ ಇಳಿಯುತ್ತದೆಯೇ? 2019ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಫ್ಯಾಟಿ ಲಿವರ್ ಇದ್ದ 40 ಹದಿಹರೆಯದ ಹುಡುಗರಲ್ಲಿ ಅರ್ಧದಷ್ಟು ಜನರಿಗೆ ಎಂಟು ವಾರ ಮುಕ್ತ ಸಕ್ಕರೆಯನ್ನು ಶೇ. 3ಕ್ಕಿಂತ ಕೆಳಗಿಟ್ಟ ಊಟ ಕೊಟ್ಟರು. ಇಡೀ ಮನೆಯವರಿಗೂ ಅದೇ ಊಟ. ಹುಡುಗರ ಯಕೃತ್ತಿನ ಕೊಬ್ಬು ಸರಾಸರಿ ಶೇ. 25ರಿಂದ 17ಕ್ಕೆ ಇಳಿಯಿತು. ಎಂದಿನ ಊಟ ಮಾಡಿದ ಗುಂಪಿನಲ್ಲಿ 21ರಿಂದ 20ಕ್ಕೆ ಬಂತು, ಅಷ್ಟೇ. ಶೇ. 17 ಆರೋಗ್ಯಕರ ಮಟ್ಟವಲ್ಲ, ದಾರಿ ಇನ್ನೂ ದೂರವಿದೆ. ಆದರೆ ಎರಡು ತಿಂಗಳಲ್ಲಿ ಒಂದು ಅಂಗ ಇಷ್ಟು ಸ್ಪಂದಿಸುತ್ತದೆ ಎಂಬುದು ನನಗೆ ದೊಡ್ಡ ಭರವಸೆ. ಮನೆಮಂದಿಯೆಲ್ಲ ಜೊತೆಗೂಡಿದ್ದರು ಎಂಬುದನ್ನೂ ಮರೆಯಬಾರದು. ಒಬ್ಬನಿಗೆ ಮಾತ್ರ ಪಥ್ಯ ಹೇರಿದ ಮನೆಗಳಲ್ಲಿ ಅದು ಎಷ್ಟು ದಿನ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ತಿನ್ನುವ ಸಕ್ಕರೆಗಿಂತ ಕುಡಿಯುವ ಸಕ್ಕರೆ ಏಕೆ ಹೆಚ್ಚು ಕೆಟ್ಟದ್ದು?

ಹೊಟ್ಟೆ ಅದನ್ನು ಊಟವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. 2000ದಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ 15 ಜನರಿಗೆ ನಾಲ್ಕು ವಾರ ದಿನಕ್ಕೆ 450 ಕ್ಯಾಲೊರಿಯಷ್ಟು ಗಟ್ಟಿ ಮಿಠಾಯಿ, ಇನ್ನು ನಾಲ್ಕು ವಾರ ಅಷ್ಟೇ ಕ್ಯಾಲೊರಿಯ ಸೋಡಾ ಕೊಟ್ಟರು. ಮಿಠಾಯಿ ತಿಂದ ದಿನಗಳಲ್ಲಿ ಅವರು ತಮಗೆ ತಿಳಿಯದೆಯೇ ಉಳಿದ ಊಟವನ್ನು ಕಡಿಮೆ ಮಾಡಿ ಸರಿದೂಗಿಸಿಕೊಂಡರು. ಸೋಡಾ ಕುಡಿದ ದಿನಗಳಲ್ಲಿ ಹಾಗಾಗಲಿಲ್ಲ, ಅದು ಪೂರ್ತಿ ಹೆಚ್ಚುವರಿಯಾಯಿತು. ನೆದರ್ಲೆಂಡ್ಸಿನ 641 ಮಕ್ಕಳ ಮೇಲೆ ನಡೆದ ಪ್ರಯೋಗ ಇನ್ನೂ ದೊಡ್ಡದು. ದಿನಕ್ಕೆ 250 ಮಿಲಿಲೀಟರ್ ಪಾನೀಯ, ಅರ್ಧ ಮಕ್ಕಳಿಗೆ ಸಕ್ಕರೆಯದ್ದು, ಅರ್ಧ ಮಕ್ಕಳಿಗೆ ಸಕ್ಕರೆಯಿಲ್ಲದ್ದು. ಹದಿನೆಂಟು ತಿಂಗಳ ನಂತರ ಸಕ್ಕರೆಯ ಗುಂಪು ಸುಮಾರು ಒಂದು ಕಿಲೋ ಹೆಚ್ಚು ತೂಕ ಪಡೆದಿತ್ತು.

ಒಂದೇ ಒಂದು ಬದಲಾವಣೆ ಮಾಡಲು ಮನಸ್ಸಿರುವವರಿಗೆ ನನ್ನ ಸಲಹೆ ಇದೇ: ಊಟದ ತಟ್ಟೆಗೆ ಕೈ ಹಾಕುವ ಮೊದಲು ಲೋಟವನ್ನು ಸರಿಪಡಿಸಿ.

ನಾನು ತೆಳ್ಳಗಿದ್ದೇನೆ. ನನಗೂ ಇದು ಅನ್ವಯಿಸುತ್ತದೆಯೇ?

ಅನ್ವಯಿಸಬಹುದು. ಚರ್ಮದ ಕೆಳಗಿನ ಕೊಬ್ಬು ಕಣ್ಣಿಗೆ ಕಾಣುತ್ತದೆ, ಯಕೃತ್ತಿನ ಒಳಗಿನ ಮತ್ತು ಕರುಳಿನ ಸುತ್ತಲಿನ ಕೊಬ್ಬು ಕಾಣುವುದಿಲ್ಲ. 2009ರ ಒಂದು ಪ್ರಯೋಗದಲ್ಲಿ ತೂಕ ಹೆಚ್ಚಿದ್ದ 32 ಜನರು ಹತ್ತು ವಾರ ದಿನದ ಶಕ್ತಿಯ ಕಾಲು ಭಾಗವನ್ನು ಗ್ಲೂಕೋಸ್ ಇಲ್ಲವೇ ಫ್ರಕ್ಟೋಸ್ ಪಾನೀಯದಿಂದ ಪಡೆದರು. ಎರಡೂ ಗುಂಪಿನ ತೂಕ ಹೆಚ್ಚುಕಡಿಮೆ ಒಂದೇ ಸಮನಾಗಿ ಏರಿತು. ಆದರೆ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿದ್ದು, ದೇಹ ಇನ್ಸುಲಿನ್ನಿಗೆ ಸ್ಪಂದಿಸುವುದು ಕುಗ್ಗಿದ್ದು ಫ್ರಕ್ಟೋಸ್ ಗುಂಪಿನಲ್ಲಿ. ತೂಕದ ಯಂತ್ರ ಈ ವ್ಯತ್ಯಾಸವನ್ನು ಹೇಳುತ್ತಿರಲಿಲ್ಲ. ಸೊಂಟಕ್ಕೆ ಸುತ್ತುವ ಅಳತೆಪಟ್ಟಿ ಮತ್ತು ಟ್ರೈಗ್ಲಿಸರೈಡ್ ಪರೀಕ್ಷೆ ಅದಕ್ಕಿಂತ ಹೆಚ್ಚು ಹೇಳುತ್ತವೆ.

ಬಿಳಿ ಸಕ್ಕರೆಯ ಬದಲು ಜೇನುತುಪ್ಪ, ಬೆಲ್ಲ, ಕಂದು ಸಕ್ಕರೆ ಬಳಸಿದರೆ?

ರುಚಿಗೆ ಬಳಸಿ, ಔಷಧಿ ಎಂದು ಬಳಸಬೇಡಿ. ಜೇನುತುಪ್ಪದಲ್ಲಿ ಸುಮಾರು ಶೇ. 40 ಫ್ರಕ್ಟೋಸ್, ಶೇ. 30 ಗ್ಲೂಕೋಸ್ ಇರುತ್ತದೆ. ಬೆಲ್ಲ ಮತ್ತು ಕಂದು ಸಕ್ಕರೆ ಬಹುಮಟ್ಟಿಗೆ ಸುಕ್ರೋಸೇ. ಅವುಗಳಲ್ಲಿ ಖನಿಜಾಂಶ ಇದೆ ಎಂಬುದು ನಿಜ, ಆದರೆ ಒಂದೆರಡು ಚಮಚದಲ್ಲಿ ಸಿಗುವುದು ಅತ್ಯಲ್ಪ. ತಂಪು ಪಾನೀಯಗಳಲ್ಲಿ ಬಳಸುವ ಮೆಕ್ಕೆಜೋಳದ ಸಿರಪ್ಪಿನಲ್ಲಿ ಫ್ರಕ್ಟೋಸ್ ಸುಮಾರು ಶೇ. 55, ಸಾಮಾನ್ಯ ಸಕ್ಕರೆಯಲ್ಲಿ ಶೇ. 50. ಆ ಸಿರಪ್ಪನ್ನು ರಾಕ್ಷಸನನ್ನಾಗಿ ಮಾಡಿ ಸಕ್ಕರೆಗೆ ಮಾಫಿ ಕೊಡುವಷ್ಟು ಅಂತರ ಇದಲ್ಲ.

ಕೃತಕ ಸಿಹಿಕಾರಕಗಳು ಸುರಕ್ಷಿತವೇ?

2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೂಕ ನಿಯಂತ್ರಣಕ್ಕಾಗಿ ಅವನ್ನು ಬಳಸಬೇಡಿ ಎಂಬ ಷರತ್ತುಬದ್ಧ ಸಲಹೆ ಕೊಟ್ಟಿತು. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಅದೇ ವರ್ಷದ ಜುಲೈನಲ್ಲಿ ಆಸ್ಪರ್ಟೇಮ್ ಎಂಬ ಕೃತಕ ಸಿಹಿಕಾರಕ ‘ಕ್ಯಾನ್ಸರಿಗೆ ಕಾರಣವಾಗಬಹುದಾದ’ ವಸ್ತುಗಳ ಪಟ್ಟಿಗೆ ಸೇರಿತು. ಆದರೆ ಪುರಾವೆ ಸೀಮಿತ ಎಂದೇ ಹೇಳಲಾಯಿತು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿ ಹಾಗೆಯೇ ಉಳಿಯಿತು.

ನನ್ನ ನಿಲುವು: ದಿನಕ್ಕೆ ಎರಡು ಮೂರು ಸಕ್ಕರೆಯ ಪಾನೀಯ ಕುಡಿಯುವವರಿಗೆ ಕೃತಕ ಸಿಹಿ ಇಳಿಯುವ ಮೆಟ್ಟಿಲು. ಮೆಟ್ಟಿಲ ಮೇಲೆಯೇ ಮನೆ ಕಟ್ಟಬಾರದು. ಕೊನೆಗೆ ತಲುಪಬೇಕಾದದ್ದು ನೀರನ್ನು.

ಮಕ್ಕಳ ವಿಷಯದಲ್ಲಿ ಏನು ಎಚ್ಚರಿಕೆ ಬೇಕು?

ಎರಡು ವರ್ಷದೊಳಗಿನ ಮಗುವಿಗೆ ಸೇರಿಸಿದ ಸಕ್ಕರೆ ಬೇಡವೇ ಬೇಡ, ಎರಡರಿಂದ ಹದಿನೆಂಟರವರೆಗೆ ದಿನಕ್ಕೆ 25 ಗ್ರಾಂ ಒಳಗೆ ಎಂದು ಅಮೆರಿಕದ ಹೃದಯ ಸಂಘ 2016ರಲ್ಲಿ ಹೇಳಿತು. ಸಿಹಿ ತಿಂದ ಮಕ್ಕಳು ಹುಚ್ಚುಚ್ಚಾಗಿ ಕುಣಿಯುತ್ತಾರೆ ಎಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ. 1995ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಕ್ಕರೆ ಮಕ್ಕಳ ವರ್ತನೆಯನ್ನು ಬದಲಿಸಿದ್ದು ಕಾಣಲಿಲ್ಲ.

ಮಕ್ಕಳ ಕುರಿತು ನನ್ನನ್ನು ಹೆಚ್ಚು ಕಾಡಿದ ಅಧ್ಯಯನ ಬ್ರಿಟನ್ನಿನದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶುರುವಾದ ಸಕ್ಕರೆಯ ಪಡಿತರ ಅಲ್ಲಿ 1953ರ ಸೆಪ್ಟೆಂಬರಿನಲ್ಲಿ ಮುಗಿಯಿತು. ದಿನಕ್ಕೆ ಸರಾಸರಿ 40 ಗ್ರಾಂ ಆಸುಪಾಸಿನಲ್ಲಿದ್ದ ಬಳಕೆ ಬಹುಬೇಗ 80 ಗ್ರಾಂ ಹತ್ತಿರಕ್ಕೆ ಏರಿತು. ಪಡಿತರದ ದಿನಗಳಲ್ಲಿ ಗರ್ಭದಲ್ಲಿದ್ದ, ಮೊದಲ ಎರಡು ವರ್ಷ ಕಳೆದ ಮಕ್ಕಳನ್ನೂ ಆಮೇಲೆ ಹುಟ್ಟಿದವರನ್ನೂ ದಶಕಗಳ ನಂತರ ಹೋಲಿಸಿದರು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಪಡಿತರದ ಮಕ್ಕಳಲ್ಲಿ ಎರಡನೆಯ ಬಗೆಯ ಮಧುಮೇಹದ ಅಪಾಯ ಸುಮಾರು ಶೇ. 35, ಅಧಿಕ ರಕ್ತದೊತ್ತಡದ ಅಪಾಯ ಸುಮಾರು ಶೇ. 20 ಕಡಿಮೆ ಇತ್ತು. ಕಾಯಿಲೆ ಬಂದವರಲ್ಲೂ ಮಧುಮೇಹ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು. ನೆನಪೇ ಇಲ್ಲದ ಆ ಸಾವಿರ ದಿನಗಳ ಊಟ ಐವತ್ತು ಅರುವತ್ತು ವರ್ಷಗಳ ನಂತರ ರಕ್ತಪರೀಕ್ಷೆಯಲ್ಲಿ ಕಾಣುತ್ತದೆ.

ಯೂರಿಕ್ ಆಮ್ಲಕ್ಕೂ ಸಕ್ಕರೆಗೂ ಏನು ಸಂಬಂಧ?

ಯಕೃತ್ತು ಫ್ರಕ್ಟೋಸನ್ನು ಅವಸರದಲ್ಲಿ ಸಂಸ್ಕರಿಸುವಾಗ ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಬೇಗ ಖರ್ಚಾಗುತ್ತದೆ. ಅದರ ಅವಶೇಷ ಒಡೆದು ಕೊನೆಗೆ ಯೂರಿಕ್ ಆಮ್ಲವಾಗುತ್ತದೆ. 2008ರಲ್ಲಿ ಪ್ರಕಟವಾದ, ಪುರುಷರ ಮೇಲಿನ ದೀರ್ಘ ಅಧ್ಯಯನವೊಂದರಲ್ಲಿ ದಿನಕ್ಕೆ ಎರಡು ಅಥವಾ ಹೆಚ್ಚು ಸಕ್ಕರೆಯ ಸೋಡಾ ಕುಡಿಯುವವರಲ್ಲಿ ಗೌಟ್, ಅಂದರೆ ಯೂರಿಕ್ ಆಮ್ಲದ ಹರಳು ಕೂಡಿ ಕೀಲು ಊದಿ ನೋಯುವ ಕಾಯಿಲೆಯ ಅಪಾಯ ಶೇ. 85 ಹೆಚ್ಚಿತ್ತು. ಗೌಟ್ ಬಂದವರಿಗೆ ಮಾಂಸ, ಮದ್ಯ ಬಿಡಲು ಹೇಳುತ್ತಾರೆ. ಹಣ್ಣಿನ ರಸ ಮತ್ತು ಸೋಡಾ ಬಗ್ಗೆಯೂ ಕೇಳಿ ತಿಳಿಯಿರಿ.

ಮೊದಲು ಕೊಬ್ಬು ಕೆಟ್ಟದ್ದು ಎಂದರು, ಈಗ ಸಕ್ಕರೆ ಎನ್ನುತ್ತಾರೆ. ಯಾರನ್ನು ನಂಬುವುದು?

ಈ ಕೋಪ ನ್ಯಾಯವಾದದ್ದು. 1967ರಲ್ಲಿ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ವಿಮರ್ಶಾ ಲೇಖನ ಹೃದ್ರೋಗಕ್ಕೆ ಕೊಬ್ಬಿನತ್ತ ಬೊಟ್ಟು ಮಾಡಿ ಸಕ್ಕರೆಯ ಪಾತ್ರವನ್ನು ಕಿರಿದಾಗಿಸಿತು. ಅದನ್ನು ಬರೆಯಲು ಅಮೆರಿಕದ ಸಕ್ಕರೆ ಉದ್ಯಮದ ಸಂಶೋಧನಾ ಪ್ರತಿಷ್ಠಾನ 6,500 ಡಾಲರ್ ಕೊಟ್ಟಿತ್ತು ಎಂಬುದು ಹಳೆಯ ಪತ್ರಗಳ ಮೂಲಕ 2016ರಲ್ಲಿ ಹೊರಬಂತು. ಲೇಖನದಲ್ಲಿ ಆ ಹಣದ ಸುಳಿವೇ ಇರಲಿಲ್ಲ. ಅಂಥ ಘೋಷಣೆ ಆಗ ಕಡ್ಡಾಯವಾಗಿರಲಿಲ್ಲ ಎಂಬುದೂ ನಿಜ.

ಹಾಗೆಂದು ಕೊಬ್ಬಿನ ಬಗ್ಗೆ ಹೇಳಿದ್ದೆಲ್ಲ ಸುಳ್ಳಾಗುವುದಿಲ್ಲ. ತುಪ್ಪ, ಬೆಣ್ಣೆಯಂಥವುಗಳಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಕೊಬ್ಬು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುವುದು ಇಂದಿಗೂ ಸತ್ಯ. ಸಕ್ಕರೆಯ ವಿಷಯದಲ್ಲೂ ಉತ್ಪ್ರೇಕ್ಷೆ ಬೇಡ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ನಡೆದ ವಿಶ್ಲೇಷಣೆಯಲ್ಲಿ ಸಕ್ಕರೆ ಕಡಿಮೆ ಮಾಡಿದ ವಯಸ್ಕರ ತೂಕ ಸರಾಸರಿ 0.8 ಕಿಲೋ ಇಳಿಯಿತು. ಆದರೆ ಸಕ್ಕರೆಯ ಬದಲು ಅಷ್ಟೇ ಕ್ಯಾಲೊರಿಯ ಬೇರೆ ಕಾರ್ಬೋಹೈಡ್ರೇಟ್ ತಿಂದಾಗ ತೂಕ ಬದಲಾಗಲಿಲ್ಲ. ಅಂದರೆ ತೂಕದ ಮಟ್ಟಿಗೆ ಸಕ್ಕರೆ ಮುಖ್ಯವಾಗಿ ಕ್ಯಾಲೊರಿಯ ದಾರಿಯಲ್ಲೇ ಕೆಲಸ ಮಾಡುತ್ತದೆ. ಯಕೃತ್ತಿನ ಮಾತು ಅದಕ್ಕಿಂತ ಸ್ವಲ್ಪ ಬೇರೆ ಎಂಬುದನ್ನು ಮೇಲೆ ನೋಡಿದೆವು.

ಪೊಟ್ಟಣದ ಲೇಬಲ್ಲಿನಲ್ಲಿ ಸಕ್ಕರೆಯನ್ನು ಹುಡುಕುವುದು ಹೇಗೆ?

ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುತ್ತಾರೆ. ಸಕ್ಕರೆಯನ್ನು ಮೂರು ನಾಲ್ಕು ಹೆಸರುಗಳಲ್ಲಿ ಹಂಚಿದರೆ ಪ್ರತಿಯೊಂದೂ ಪಟ್ಟಿಯ ಕೆಳಕ್ಕೆ ಜಾರುತ್ತದೆ. ಡೆಕ್ಸ್‌ಟ್ರೋಸ್, ಮಾಲ್ಟೋಸ್, ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಹಣ್ಣಿನ ರಸದ ಸಾಂದ್ರ ರೂಪ ಎಲ್ಲವೂ ಸಕ್ಕರೆಯೇ. ನಂತರ ‘ಒಂದು ಬಾರಿಗೆ’ ಎಂಬ ಅಳತೆಯನ್ನು ನೋಡಿ. ನೀವು ಇಡೀ ಪೊಟ್ಟಣ ತಿನ್ನುವವರಾದರೆ ಅಲ್ಲಿರುವ ಅಂಕಿಯನ್ನು ಅದಕ್ಕೆ ತಕ್ಕಂತೆ ಗುಣಿಸಬೇಕು. ಪ್ರತಿ 100 ಗ್ರಾಂ ಲೆಕ್ಕವನ್ನು ಹೋಲಿಸುವುದೇ ಸುಲಭ. ಸಿಹಿಯೇ ಅಲ್ಲದ ವಸ್ತುಗಳನ್ನೂ ಬಿಡಬೇಡಿ: ಒಂದು ದೊಡ್ಡ ಚಮಚ ಟೊಮೆಟೊ ಕೆಚಪ್ಪಿನಲ್ಲಿ ಸುಮಾರು ಒಂದು ಟೀ ಚಮಚ ಸಕ್ಕರೆ ಇರುತ್ತದೆ.

ಸಿಹಿಯ ಚಟ ಬಿಡಲು ಆಗುತ್ತಿಲ್ಲ. ಏನು ಮಾಡಲಿ?

ಸಕ್ಕರೆ ಮಾದಕ ವಸ್ತುವಿನಂತೆ ಚಟ ಹಿಡಿಸುತ್ತದೆಯೇ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಆದರೆ ನಿಮ್ಮ ಹಂಬಲ ಸುಳ್ಳಲ್ಲ, ನಿಮ್ಮ ಮನಸ್ಸು ದುರ್ಬಲವೂ ಅಲ್ಲ. ನಾಲಗೆ ಬದಲಾಗುತ್ತದೆ ಎಂಬುದು ಇಲ್ಲಿನ ಒಳ್ಳೆಯ ಸುದ್ದಿ. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೂರು ತಿಂಗಳು ಸಕ್ಕರೆ ಕಡಿಮೆ ಮಾಡಿದವರಿಗೆ ಮೊದಲಿನದೇ ತಿನಿಸು ಮೊದಲಿಗಿಂತ ಹೆಚ್ಚು ಸಿಹಿಯಾಗಿ ತೋರಿತು. ಮೊದಲ ತಿಂಗಳಲ್ಲಿ ಹೆಚ್ಚೇನೂ ಆಗಲಿಲ್ಲ. ಬಹಳ ಜನ ಸೋಲುವುದು ಆ ತಿಂಗಳಲ್ಲೇ.

ನಾನು ಬಿಸಿ ಪಾನೀಯದ ಸಕ್ಕರೆಯನ್ನು ಎರಡು ಚಮಚದಿಂದ ಸೊನ್ನೆಗೆ ತಂದದ್ದು ಎರಡು ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ. ಎರಡು ತಿಂಗಳು ಹಿಡಿಯಿತು. ಒಮ್ಮೆಲೇ ಬಿಟ್ಟ ಸಲವೆಲ್ಲ ಮತ್ತೆ ಶುರುವಾಗಿತ್ತು.

ಕಡಿಮೆ ಮಾಡಿದರೆ ಫಲ ಎಷ್ಟು ದಿನದಲ್ಲಿ ಕಾಣುತ್ತದೆ?

ಟ್ರೈಗ್ಲಿಸರೈಡ್ ಕೆಲವೇ ವಾರಗಳಲ್ಲಿ ಇಳಿಯಬಹುದು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಅಷ್ಟೇ ಕಾಲ ಬೇಕು, ಏಕೆಂದರೆ ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಆ ಪರೀಕ್ಷೆಯಲ್ಲಿ ಶೇ. 5.7ರಿಂದ 6.4 ಮಧುಮೇಹಕ್ಕೆ ಮುನ್ನಿನ ಹಂತ, 6.5 ಅಥವಾ ಹೆಚ್ಚು ಮಧುಮೇಹ. ಜೊತೆಗೆ ನಡೆಯಿರಿ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುತ್ತದೆ. ಊಟವಾದ ಮೇಲಿನ ಹತ್ತು ಹದಿನೈದು ನಿಮಿಷದ ನಡಿಗೆಗೆ ಅಷ್ಟು ಬೆಲೆ ಇರುವುದು ಇದರಿಂದ.

ಸಕ್ಕರೆಯನ್ನು ಪೂರ್ತಿ ದೂರ ಇಡಬಾರದವರು ಯಾರಾದರೂ ಇದ್ದಾರೆಯೇ?

ಇದ್ದಾರೆ. ಇನ್ಸುಲಿನ್ ಅಥವಾ ರಕ್ತದ ಗ್ಲೂಕೋಸನ್ನು ತೀರಾ ಕೆಳಗಿಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಕೈಗೆಟಕುವಂತೆ ಸಿಹಿ ಇಟ್ಟುಕೊಳ್ಳಲೇಬೇಕು. ಬೆವರು, ನಡುಕ, ಗೊಂದಲ ಕಂಡು ಗ್ಲೂಕೋಸ್ 70ಕ್ಕಿಂತ ಕೆಳಗಿದ್ದರೆ ತಕ್ಷಣ 15 ಗ್ರಾಂ ಸಕ್ಕರೆ ತೆಗೆದುಕೊಂಡು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಇನ್ನೂ ಕಡಿಮೆಯೇ ಇದ್ದರೆ ಮತ್ತೊಮ್ಮೆ ತೆಗೆದುಕೊಳ್ಳಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇಂಥ ಔಷಧಿ ತೆಗೆದುಕೊಳ್ಳುವವರು ಊಟದಲ್ಲಿ ಸಕ್ಕರೆ ಕಡಿಮೆ ಮಾಡುವ ಮೊದಲು ವೈದ್ಯರಿಗೆ ತಿಳಿಸಿ, ಔಷಧಿಯ ಪ್ರಮಾಣವನ್ನೂ ಇಳಿಸಬೇಕಾಗಬಹುದು. ಆಕಾರ್ಬೋಸ್ ಎಂಬ ಮಾತ್ರೆ ಜೊತೆಗಿದ್ದರೆ ಸಾಮಾನ್ಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಸುಕ್ರೋಸನ್ನು ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆದಿರುತ್ತದೆ. ಅವರ ಜೇಬಿನಲ್ಲಿ ಇರಬೇಕಾದದ್ದು ಗ್ಲೂಕೋಸ್ ಮಾತ್ರೆ ಅಥವಾ ಗ್ಲೂಕೋಸ್ ಪುಡಿ.